ಶ್ರಾವಣದಲ್ಲಿ ಬಂಗಡೆ ಅಗ್ಗವಾದರೂ ಕೊಳ್ಳುವವರು ಕಡಿಮೆ: ಬೇಡಿಕೆಯ ನಿಯಮ ತಪ್ಪೇ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಾರವಾರ):
ಬೆಲೆ ಇಳಿದರೆ ಬೇಡಿಕೆಯ ಪ್ರಮಾಣ ಏರುತ್ತದೆ ಎಂದು ಓದಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಬಂಗಡೆ ದುಬಾರಿಯಾಗಿರುತ್ತದೆ. ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿದ ಮೇಲೆ ಅಗ್ಗವಾಗುತ್ತದೆ. ಆದರೆ ಅದೇ ಹೊತ್ತಿಗೆ ನಮ್ಮ ಓಣಿಯ ಹಲವು ಮನೆಗಳಲ್ಲಿ ಮೀನು ತರುವುದೇ ನಿಂತಿರುತ್ತದೆ. ಹಾಗಾದರೆ ನಿಯಮ ಸುಳ್ಳಾಗಲಿಲ್ಲವೇ?

ಉತ್ತರ (ಉಪನ್ಯಾಸಕ, ಕುಮಟಾ):
ಸುಳ್ಳಾಗಲಿಲ್ಲ. ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂಬ ಷರತ್ತು ಆ ನಿಯಮದ ಅಂಗವೇ ಆಗಿದೆ. ಶ್ರಾವಣದಿಂದ ಚೌತಿಯವರೆಗೆ ಮೀನು ಮುಟ್ಟದ ಮನೆಗಳವರು ಬೆಲೆ ಎಷ್ಟೇ ಇರಲಿ ಕೊಳ್ಳುವುದಿಲ್ಲವಾದ್ದರಿಂದ ಇಡೀ ಬೇಡಿಕೆ ರೇಖೆಯೇ (ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ರೇಖೆ) ಎಡಕ್ಕೆ ಸರಿಯುತ್ತದೆ, ಅಂದರೆ ಪ್ರತಿ ಬೆಲೆಯಲ್ಲೂ ಕೊಳ್ಳುವ ಪ್ರಮಾಣ ತಗ್ಗುತ್ತದೆ. ಬೆಲೆ ಬದಲಾದಾಗ ಒಂದೇ ರೇಖೆಯ ಮೇಲೆ ಚಲಿಸುವುದು ಬೇರೆ, ರೇಖೆಯೇ ಪಲ್ಲಟಗೊಳ್ಳುವುದು ಬೇರೆ. ಈ ಭೇದ ಮನದಟ್ಟಾಗದೆ ಮುಂದಿನ ಅಧ್ಯಾಯಕ್ಕೆ ಹೋಗಬೇಡಿ ಎಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಆಗಸ್ಟ್‌ನಲ್ಲಿ ಪೂರೈಕೆ ರೇಖೆ (ಯಾವ ಬೆಲೆಗೆ ಎಷ್ಟು ಮಾರಲು ಸಿದ್ಧರೆಂದು ತೋರಿಸುವ ರೇಖೆ) ಬಲಕ್ಕೂ ಬೇಡಿಕೆ ರೇಖೆ ಎಡಕ್ಕೂ ಸರಿಯುವುದರಿಂದ ಬೆಲೆ ಇಳಿಯುವುದು ಖಚಿತ. ಮಾರಾಟದ ಒಟ್ಟು ಪ್ರಮಾಣ ಏರುವುದೋ ಇಳಿಯುವುದೋ ಎಂಬುದು ಯಾವ ಪಲ್ಲಟ ದೊಡ್ಡದು ಎಂಬುದನ್ನು ಅವಲಂಬಿಸಿದೆ. ನಿಮ್ಮ ಓಣಿ ಕೊಳ್ಳದಿದ್ದರೂ ಕಾರವಾರದ ಮೀನು ಗೋವೆಗೂ ಹೋಗುತ್ತದೆ ಎಂಬುದನ್ನು ಮರೆಯಬೇಡಿ.

ಉತ್ತರ (ಅಡಿಕೆ ಬೆಳೆಗಾರ, ಶಿರಸಿ):
ಪೂರೈಕೆಗೆ ಕಾಲಾವಧಿಯೂ ಮುಖ್ಯ. ದರ ಏರಿತೆಂದು ನಮ್ಮ ಮರ ಈ ವರ್ಷ ಹೆಚ್ಚು ಗೊನೆ ಬಿಡುವುದಿಲ್ಲ; ಈಗ ನೆಟ್ಟ ಸಸಿ ಫಸಲು ಕೊಡಲು ಐದಾರು ವರ್ಷವಾದರೂ ಬೇಕು. ದರ ಬಿದ್ದಾಗ ಒಣಗಿಸಿದ ಚಾಲಿ ಅಡಿಕೆಯನ್ನು ಅಟ್ಟದಲ್ಲಿ ತಡೆಹಿಡಿಯಬಹುದು. ಹಸಿ ಬಂಗಡೆ ಮಾರುವವರಿಗೆ ಆ ಅವಕಾಶವೂ ಇಲ್ಲವಾದ್ದರಿಂದ ಸಂಜೆಯೊಳಗೆ ಸಿಕ್ಕಿದ ದರಕ್ಕೆ ಕೊಟ್ಟುಬಿಡುತ್ತಾರೆ.

ಪ್ರಶ್ನೆ ಕೇಳಿದವರು:
ಜುಲೈ ಮತ್ತು ಆಗಸ್ಟ್ ತಿಂಗಳ ಬೆಲೆ, ಪ್ರಮಾಣಗಳ ಎರಡು ಬಿಂದುಗಳನ್ನು ಸೇರಿಸಿದರೆ ಬೇಡಿಕೆ ರೇಖೆ ಸಿಗುತ್ತದೆಯೇ?

ಉತ್ತರ (ಉಪನ್ಯಾಸಕ, ಕುಮಟಾ):
ಸಿಗುವುದಿಲ್ಲ, ಏಕೆಂದರೆ ಆ ಬಿಂದುಗಳು ಎರಡು ಬೇರೆ ಬೇರೆ ಬೇಡಿಕೆ ರೇಖೆಗಳ ಮೇಲಿವೆ. ಬೇಡಿಕೆ ನಿಂತಲ್ಲೇ ನಿಂತು ಪೂರೈಕೆ ಮಾತ್ರ ಸರಿದ ಅವಧಿಯನ್ನು ಹುಡುಕಬೇಕು. ಮೇ ಕೊನೆಯ ವಾರವನ್ನು ಜೂನ್ ಮೊದಲ ವಾರದೊಂದಿಗೆ ಹೋಲಿಸಿ ನೋಡಿ: ದೋಣಿಗಳು ಒಮ್ಮೆಲೇ ದಡ ಸೇರುತ್ತವೆ, ಊರವರ ಊಟದ ರೂಢಿ ಅಷ್ಟು ಬೇಗ ಬದಲಾಗುವುದಿಲ್ಲ. ಆದರೂ ಮೇ ರಜೆಯ ಪ್ರವಾಸಿಗರಿಗಾಗಿ ಹೋಟೆಲುಗಳು ಕೊಳ್ಳುವ ಮೀನನ್ನು ಲೆಕ್ಕದಿಂದ ಬೇರ್ಪಡಿಸಿ, ಮನೆಗಳ ಖರೀದಿಯನ್ನಷ್ಟೇ ತೆಗೆದುಕೊಳ್ಳಿ.