ಸಹಾಯ ಬೇಕು: ದಿಯುವಿನ ಗಂಗೇಶ್ವರಕ್ಕೆ ಯಾವ ಹೊತ್ತಿಗೆ ಹೋಗಬೇಕು?

ಎಲ್ಲರಿಗೂ ನಮಸ್ಕಾರ. ಸೋಮನಾಥನ ದರ್ಶನ ಮುಗಿಸಿಕೊಂಡು, 1961ರವರೆಗೆ ಪೋರ್ಚುಗೀಸರ ವಶದಲ್ಲಿದ್ದ ದಿಯು ದ್ವೀಪಕ್ಕೆ ಮಂಡಿನೋವಿರುವ ಅಮ್ಮನೊಡನೆ ಹೋಗುವವನಿದ್ದೇನೆ. ವೇರಾವಲ್‌ನಿಂದ ಊನಾ ಮಾರ್ಗವಾಗಿ ತಲುಪಬಹುದೆಂದು ತಿಳಿಯಿತು. ಕೋಟೆ ಮತ್ತು ಸಂತ ಪಾಲರ ಚರ್ಚು ಊರೊಳಗೇ ಇರುವುದರಿಂದ ಅವುಗಳ ಚಿಂತೆಯಿಲ್ಲ.

ತೊಡಕಿರುವುದು ಫುದಮ್ ಹಳ್ಳಿಯ ಗಂಗೇಶ್ವರದಲ್ಲಿ. ಅಲ್ಲಿ ಕಡಲಂಚಿನ ಬಂಡೆಗಳ ನಡುವೆ ಇರುವ ಐದು ಲಿಂಗಗಳನ್ನು ಉಬ್ಬರದ ಅಲೆಗಳು ಬಂದು ತೊಳೆಯುತ್ತವೆ. ಅದನ್ನು ಕಣ್ಣಾರೆ ಕಾಣಬೇಕೆಂಬುದು ಅಮ್ಮನ ಬಹುದಿನದ ಆಸೆ. ಉಬ್ಬರವಿಳಿತದ ವೇಳಾಪಟ್ಟಿ ನೋಡಿದೆ, ಫೋನಿನಲ್ಲಿಯೂ ವಿಚಾರಿಸಿದೆ. ಒಬ್ಬರು ಉಬ್ಬರದಲ್ಲೇ ಬನ್ನಿ ಎಂದರೆ, ಇನ್ನೊಬ್ಬರು ಆಗ ಮೆಟ್ಟಿಲಿಳಿಯುವುದೇ ಕಷ್ಟ ಎನ್ನುತ್ತಾರೆ.

ಹೋಗಿಬಂದವರು ದಯವಿಟ್ಟು ತಿಳಿಸಿ: ವಯಸ್ಸಾದವರು ಲಿಂಗಗಳ ಹತ್ತಿರ ಹೋಗಿ, ಅಲೆ ಬಂದು ತೊಳೆಯುವುದನ್ನೂ ನೋಡಬೇಕಾದರೆ ಉಬ್ಬರಕ್ಕೆ ಎಷ್ಟು ಹೊತ್ತು ಮೊದಲು ತಲುಪಬೇಕು, ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಕಂಬಿ ಇದೆಯೇ?