‘ಆಘಾತ ಚಿಕಿತ್ಸೆ’ ಎಂದರೆ ಶಾಕ್ ಕೊಡುವುದೇ? ಮೈಕ್ರೋಡೋಸಿಂಗ್ ಸುತ್ತಲಿನ ಕೆಲವು ಪದಗಳು

ಪ್ರಶ್ನೆ

ನಮಸ್ಕಾರ. ಮನೋವೈದ್ಯಕೀಯ ಲೇಖನವೊಂದರ ಅನುವಾದದಲ್ಲಿ ಹೀಗೊಂದು ವಾಕ್ಯವಿದೆ: ‘ಭ್ರಮಾಜನಕಗಳ ಸೂಕ್ಷ್ಮಮಾತ್ರೆಯನ್ನು ಆಘಾತ ಚಿಕಿತ್ಸೆಯೊಡನೆ ಸಂಯೋಜಿಸಿದಾಗ ಅನುಭವದ ಏಕೀಕರಣ ಸುಲಭವಾಗುತ್ತದೆ.’ ಮೂಲದಲ್ಲಿರುವುದು ಸೈಕೆಡೆಲಿಕ್ ಮೈಕ್ರೋಡೋಸಿಂಗ್ (ಎಲ್‌ಎಸ್‌ಡಿಯಂಥ, ಗ್ರಹಿಕೆ ಬದಲಿಸುವ ಪದಾರ್ಥವನ್ನು ಅತಿ ಕಡಿಮೆ ಪ್ರಮಾಣದಲ್ಲಿ ತೆಗೆದುಕೊಳ್ಳುವುದು), ಟ್ರಾಮಾ ಥೆರಪಿ, ಇಂಟಿಗ್ರೇಶನ್. ವ್ಯಾಕರಣದಲ್ಲಿ ತಪ್ಪು ಕಾಣುತ್ತಿಲ್ಲ, ಆದರೆ ಓದಿದವರಿಗೆ ಬೇರೇನೋ ಅರ್ಥವಾಗುತ್ತಿದೆ. ಯಾವ ಪದ ಬದಲಿಸಬೇಕು?

ಉತ್ತರ 1

ಹೆಚ್ಚುಕಡಿಮೆ ಎಲ್ಲವನ್ನೂ. ಮೊದಲು ‘ಆಘಾತ ಚಿಕಿತ್ಸೆ’ಯನ್ನು ನೋಡೋಣ, ಅತಿ ದೊಡ್ಡ ಅಪಾಯ ಅಲ್ಲೇ ಇದೆ. ‘ದಂತ ಚಿಕಿತ್ಸೆ’ ಎಂದರೆ ಹಲ್ಲಿಗೆ ಚಿಕಿತ್ಸೆ. ‘ಶಸ್ತ್ರಚಿಕಿತ್ಸೆ’ ಎಂದರೆ ಶಸ್ತ್ರಕ್ಕಲ್ಲ, ಶಸ್ತ್ರದಿಂದ ಚಿಕಿತ್ಸೆ. ಸಮಾಸದೊಳಗೆ ವಿಭಕ್ತಿ ಅಡಗಿರುವುದರಿಂದ ಯಾವುದು ರೋಗ, ಯಾವುದು ಉಪಕರಣ ಎಂಬುದನ್ನು ಓದುಗ ರೂಢಿಯಿಂದಲೇ ಊಹಿಸಬೇಕು. ‘ಆಘಾತ ಚಿಕಿತ್ಸೆ’ಯ ವಿಷಯದಲ್ಲಿ ರೂಢಿ ಆಗಲೇ ಬೇರೆ ಕಡೆ ವಾಲಿದೆ: ವಿದ್ಯುತ್ ಆಘಾತ ಚಿಕಿತ್ಸೆ, ಆಡುಮಾತಿನಲ್ಲಿ ‘ಕರೆಂಟ್ ಕೊಡುವುದು’. ನಿಮ್ಮ ವಾಕ್ಯ ಓದಿದವರು ಅಮಲಿನ ಪದಾರ್ಥ ಕೊಟ್ಟು ಕರೆಂಟ್ ಹಾಯಿಸುತ್ತಾರೆಂದು ತಿಳಿದರೆ ತಪ್ಪು ಅವರದಲ್ಲ.

‘ಮನೋಆಘಾತ’ ಎಂದು ಸರಿಪಡಿಸಲು ಹೋಗಬೇಡಿ, ಅಲ್ಲಿ ಸಂಧಿ ಕೈಕೊಡುತ್ತದೆ. ‘ಮನಃ’ದ ಮುಂದೆ ‘ಆ’ ಬಂದರೆ ‘ಮನೋ’ ಆಗುವುದಿಲ್ಲ. ಟ್ರಾಮಾ ಎಂಬ ಗ್ರೀಕ್ ಪದದ ಅರ್ಥವೇ ಗಾಯ. ಆಘಾತ ಎಂದರೆ ಬಿದ್ದ ಏಟು, ಗಾಯ ಎಂದರೆ ಏಟಿನ ನಂತರ ಉಳಿದದ್ದು. ಚಿಕಿತ್ಸೆ ನಡೆಯುವುದು ಉಳಿದದ್ದಕ್ಕೆ. ‘ಮನೋಗಾಯ’ ಸಂಸ್ಕೃತಕ್ಕೂ ಕನ್ನಡಕ್ಕೂ ಒಪ್ಪದ ಬೆರಕೆ. ‘ಮನಸ್ಸಿನ ಗಾಯಕ್ಕೆ ಚಿಕಿತ್ಸೆ’ ಎಂದು ಬಿಡಿಸಿ ಬರೆದರೆ ಒಂದು ಪದ ಹೆಚ್ಚಾದರೂ ವಿಭಕ್ತಿ ಬಾಯಿಬಿಟ್ಟು ಮಾತಾಡುತ್ತದೆ.

‘ಸೂಕ್ಷ್ಮಮಾತ್ರೆ’. ಸಂಸ್ಕೃತದಲ್ಲಿ ಮಾತ್ರಾ ಎಂದರೆ ಅಳತೆ, ಸರಿ. ಇಂದಿನ ಕನ್ನಡದಲ್ಲಿ ಮಾತ್ರೆ ಎಂದರೆ ನುಂಗುವ ಗುಳಿಗೆ. (ಛಂದಸ್ಸು ಓದುವವರಿಗೆ ಬೇರೆ ಮಾತ್ರೆ ಇದೆ, ಅದನ್ನು ಬಿಡೋಣ.) ಓದುಗರ ಕಣ್ಣಿಗೆ ಬರುವುದು ಸಣ್ಣ ಗಾತ್ರದ ಗುಳಿಗೆ. ‘ಚಿಟಿಕೆಯಷ್ಟು’ ಎಂದು ಕೆಲವರು ಬರೆಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಚಿಟಿಕೆ ಎಂಬುದು ಕೈಯಂದಾಜಿನ ಅಳತೆ. ಇಲ್ಲಿ ಎಡವುವುದೇ ಅಂದಾಜಿನಲ್ಲಿ: ಒಂದೇ ಜಾತಿಯ ಒಣ ಅಣಬೆಯಲ್ಲೂ ಸೈಲೋಸೈಬಿನ್ ಎಂಬ ಸೈಕೆಡೆಲಿಕ್ ಅಂಶ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ, ಎಲ್‌ಎಸ್‌ಡಿ ಹೀರಿಸಿದ ಕಾಗದದ ತುಂಡನ್ನು ಹತ್ತಾಗಿ ಕತ್ತರಿಸಿದರೆ ಹತ್ತರಲ್ಲೂ ಸಮನಾಗಿರುತ್ತದೆಂಬ ಭರವಸೆಯಿಲ್ಲ. ಮೈಕ್ರೋಡೋಸ್ ಎಂದು ಸಾಮಾನ್ಯವಾಗಿ ಕರೆಯುವುದು ಪೂರ್ಣ ಡೋಸಿನ ಹತ್ತನೇ ಒಂದರಿಂದ ಇಪ್ಪತ್ತನೇ ಒಂದು ಭಾಗವನ್ನು. ಎಲ್‌ಎಸ್‌ಡಿಯಲ್ಲಿ ಸುಮಾರು 5ರಿಂದ 20 ಮೈಕ್ರೋಗ್ರಾಂ. ಡೋಸ್ ಎಂಬ ಪದ ಎಲ್ಲರ ಬಾಯಲ್ಲೂ ಇರುವಾಗ ‘ಕಿರುಡೋಸ್’ ಸಾಕು.

ಪದಕ್ಕಿಂತ ಹೆಚ್ಚಾಗಿ, ಎಷ್ಟು ದಿನಕ್ಕೊಮ್ಮೆ ತೆಗೆದುಕೊಳ್ಳುವುದು ಎಂದು ಹೇಳುವಾಗ ಬರುವ ‘ಮೂರು ದಿನ ಬಿಟ್ಟು’ ಎಂಬಂಥ ಮಾತುಗಳಲ್ಲಿ ಎಚ್ಚರ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಫ್ಯಾಡಿಮನ್ ಹೆಸರಿನಲ್ಲಿ ಓಡಾಡುವ ಕ್ರಮದಲ್ಲಿ ಒಂದು ದಿನ ತೆಗೆದುಕೊಂಡು ಎರಡು ದಿನ ಬಿಡುತ್ತಾರೆ, ಅಂದರೆ 1, 4, 7ನೇ ದಿನ. ಕನ್ನಡದಲ್ಲಿ ಅದು ‘ಎರಡು ದಿನ ಬಿಟ್ಟು’ ಅಥವಾ ‘ಮೂರು ದಿನಕ್ಕೊಮ್ಮೆ’. ‘ಮೂರು ದಿನ ಬಿಟ್ಟು’ ಎಂದರೆ 1, 5, 9 ಆಗಿಬಿಡುತ್ತದೆ. ಬಿಡುವ ಕಾರಣಕ್ಕೆ ಮೂಲದಲ್ಲಿ ಟಾಲರೆನ್ಸ್ ಎಂದಿದ್ದರೆ ‘ಸಹಿಷ್ಣುತೆ’ ಬೇಡ. ಮೈ ಒಗ್ಗಿಹೋಗುತ್ತದೆ, ಆದ್ದರಿಂದ ‘ಒಗ್ಗಿಕೆ’.

‘ಏಕೀಕರಣ’ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1956. ಇಲ್ಲಿ ಹೇಳಬೇಕಾದ್ದು, ಕಂಡದ್ದನ್ನು ಥೆರಪಿಸ್ಟ್ ಜೊತೆ ಕೂತು ಮಾತಾಡಿ ಬದುಕಿಗೆ ಹೊಂದಿಸಿಕೊಳ್ಳುವ ಕೆಲಸ. ‘ಅರಗಿಸಿಕೊಳ್ಳುವುದು’ ಅದಕ್ಕೆ ಹೇಳಿ ಮಾಡಿಸಿದ ಪದ. ಸುದ್ದಿಯನ್ನೂ ಸೋಲನ್ನೂ ಅರಗಿಸಿಕೊಳ್ಳುವವರು ನಾವು, ಅನುಭವ ಯಾವ ಮಹಾ?

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ, ‘ಭ್ರಮಾಜನಕ’ ಒಂದು ಉಳಿದಿದೆ. ಅದು ಹ್ಯಾಲುಸಿನೋಜೆನ್‌ಗೆ ಸರಿಯಾದ ಪದ, ಸೈಕೆಡೆಲಿಕ್‌ಗಲ್ಲ. ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ಗ್ರೀಕ್‌ನಿಂದ ಕಟ್ಟಿದ ಈ ಪದದ ಅರ್ಥ ‘ಮನಸ್ಸನ್ನು ತೋರಿಸುವುದು’. ಮೇಲಾಗಿ ಕಿರುಡೋಸಿನ ವ್ಯಾಖ್ಯೆಯೇ ಗ್ರಹಿಕೆಯಲ್ಲಿ ಎದ್ದುಕಾಣುವ ಬದಲಾವಣೆ ಆಗದಷ್ಟು ಕಡಿಮೆ ಎಂಬುದು. ‘ಭ್ರಮಾಜನಕದ ಕಿರುಡೋಸ್’ ಎಂದರೆ ಭ್ರಮೆ ಹುಟ್ಟಿಸದ ಭ್ರಮಾಜನಕ! ‘ಮನೋವ್ಯಂಜಕ’ ಎಂದು ಕಟ್ಟಬಹುದು, ಆದರೆ ವಿವರಿಸದೆ ಯಾರಿಗೂ ತಿಳಿಯದು. ‘ಸೈಕೆಡೆಲಿಕ್’ ಎಂದೇ ಇರಲಿ.

‘ಸಂಯೋಜಿಸು’ ಕೂಡ ತೊಡಕು. ಔಷಧದ ಮಾತು ಬಂದಾಗ ಸಂಯೋಜನೆ ಎಂದರೆ ಎರಡು ಔಷಧ ಸೇರಿಸುವುದೆಂದೇ ಅರ್ಥವಾಗುತ್ತದೆ, ಆ ಅರ್ಥ ನಿಮ್ಮ ಲೇಖನದಲ್ಲೇ ಮುಂದೆ ಬೇಕಾಗುತ್ತದೆ: ಲಿಥಿಯಂ (ಬೈಪೋಲಾರ್ ಕಾಯಿಲೆಗೆ ಕೊಡುವ ಔಷಧ) ತೆಗೆದುಕೊಳ್ಳುವವರಲ್ಲಿ ಸೈಕೆಡೆಲಿಕ್ ಸೇರಿದಾಗ ಫಿಟ್ಸ್ ಬಂದ ವರದಿಗಳಿವೆ, ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆಯ ಔಷಧಗಳು ಸೈಲೋಸೈಬಿನ್‌ನ ಪರಿಣಾಮವನ್ನು ಮಂದ ಮಾಡಬಲ್ಲವು, ಹಾಗೆಂದು ಅವನ್ನು ದಿಢೀರನೆ ನಿಲ್ಲಿಸಿದರೆ ಬೇರೆ ತೊಂದರೆ. ಮಾತಿನ ಚಿಕಿತ್ಸೆಯ ವಿಷಯದಲ್ಲಿ ‘ಜೊತೆಜೊತೆಗೆ’ ಎನ್ನಿ, ‘ಸಂಯೋಜನೆ’ಯನ್ನು ಔಷಧಗಳಿಗೆ ಮೀಸಲಿಡಿ.

ಫ್ಲ್ಯಾಶ್‌ಬ್ಯಾಕ್ ಬಂದರೆ ಯಾವುದೆಂದು ನೋಡಿಕೊಳ್ಳಿ. ಗಾಯಗೊಂಡ ಮನಸ್ಸು ಹಳೆಯ ಘಟನೆಯನ್ನು ಈಗಲೇ ನಡೆಯುತ್ತಿರುವಂತೆ ಅನುಭವಿಸುವುದು ಒಂದು. ಪದಾರ್ಥದ ಅಮಲು ಇಳಿದ ಎಷ್ಟೋ ದಿನಗಳ ಮೇಲೆ ಬಣ್ಣ, ಬೆಳಕಿನ ಗೆರೆ ಮತ್ತೆ ಕಾಣುವುದು ಇನ್ನೊಂದು. ಮೊದಲನೆಯದಕ್ಕೆ ‘ಮರು ಅನುಭವ’, ಎರಡನೆಯದಕ್ಕೆ ‘ನೋಟದ ಮರುಕಳಿಕೆ’ ಎಂದರೆ ಗೊಂದಲ ತಪ್ಪುತ್ತದೆ.

ಇನ್ನು ಕ್ರಿಯಾಪದ. ‘ಸುಲಭವಾಗುತ್ತದೆ’ ಎನ್ನಲು ಆಧಾರವಿಲ್ಲ. ಮನಸ್ಸಿನ ಗಾಯದ ಚಿಕಿತ್ಸೆಯಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷೆಯಾದದ್ದು ಕಿರುಡೋಸ್ ಅಲ್ಲ, ‘ಎಕ್ಸ್ಟಸಿ’ ಎಂದೂ ಕರೆಯುವ ಎಂಡಿಎಂಎಯ ಪೂರ್ಣ ಡೋಸ್: ಸುಮಾರು ಎಂಟೆಂಟು ಗಂಟೆಯ ಮೂರು ಸೆಷನ್, ಪ್ರತಿಯೊಂದರ ನಂತರ ಅರಗಿಸಿಕೊಳ್ಳುವ ಮೂರು ಭೇಟಿ. ಅದಕ್ಕೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಡಲಿಲ್ಲ. ಆಸ್ಟ್ರೇಲಿಯಾ 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರಿಗಷ್ಟೇ ಬಿಟ್ಟುಕೊಟ್ಟಿದೆ. ಕಿರುಡೋಸ್ ಕುರಿತು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 191 ಮಂದಿ ಪೂರ್ತಿ ಭಾಗವಹಿಸಿದ್ದರು. ಹುಸಿಮದ್ದು (ಪ್ಲಾಸಿಬೊ) ತೆಗೆದುಕೊಂಡವರಲ್ಲೂ ಹೆಚ್ಚುಕಡಿಮೆ ಅಷ್ಟೇ ಸುಧಾರಣೆ ಕಂಡಿತು.

ಹಾಗಾಗಿ ವಾಕ್ಯ ಹೀಗಿರಬಹುದು: ‘ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಪಡೆಯುವಾಗ ಜೊತೆಗೆ ಸೈಕೆಡೆಲಿಕ್ ಕಿರುಡೋಸ್ ತೆಗೆದುಕೊಂಡರೆ, ಅನುಭವವನ್ನು ಅರಗಿಸಿಕೊಳ್ಳುವುದು ಸುಲಭವಾಗಬಹುದೆಂದು ಕೆಲವರ ವಾದ.’ ಮೂಲದವರು ಖಚಿತವಾಗಿಯೇ ಬರೆದಿದ್ದರೆ ‘ಲೇಖಕರ ಪ್ರಕಾರ’ ಎಂದು ಸೇರಿಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಒಂದು ಸಣ್ಣ ಸಂದೇಹ. ಕೋಷ್ಟಕದಲ್ಲಿ ಜಾಗ ಸಾಲದು. ಮೈಕ್ರೋಗ್ರಾಂಗೆ ‘ಮೈ.ಗ್ರಾಂ’ ಎಂದು ಚಿಕ್ಕದಾಗಿ ಬರೆಯಬಹುದೇ?

ಉತ್ತರ 1

ಬೇಡವೇ ಬೇಡ. ‘ಮಿ.ಗ್ರಾಂ’ಗೂ ಅದಕ್ಕೂ ಇರುವ ವ್ಯತ್ಯಾಸ ಒಂದು ಸ್ವರಚಿಹ್ನೆ, ಅಳತೆಯಲ್ಲಿ ಸಾವಿರ ಪಟ್ಟು. ಎಲ್‌ಎಸ್‌ಡಿಯನ್ನು ಮೊದಲು ತಯಾರಿಸಿದ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1943ರ ಏಪ್ರಿಲ್ 19ರಂದು ತಾವಾಗಿ ತೆಗೆದುಕೊಂಡು ತತ್ತರಿಸಿದ ಎಲ್‌ಎಸ್‌ಡಿ ಬರೀ 250 ಮೈಕ್ರೋಗ್ರಾಂ, ಅಂದರೆ ಕಾಲು ಮಿಲಿಗ್ರಾಂ. ನಿಮ್ಮ ಕೋಷ್ಟಕದ 10 ಮೈಕ್ರೋಗ್ರಾಂ ಅಚ್ಚಿನಲ್ಲಿ ‘10 ಮಿ.ಗ್ರಾಂ’ ಆದರೆ ಅದು ಹಾಫ್‌ಮನ್ ತೆಗೆದುಕೊಂಡದ್ದರ 40 ಪಟ್ಟು. ಕೋಷ್ಟಕದ ಅಂಕಣವನ್ನೇ ಅಗಲ ಮಾಡಿ.