ಟ್ಯಾಂಗೋದ ‘ಅಬ್ರಾಸೊ’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಕರಡುಪ್ರತಿ:

ಎಲ್ಲರಿಗೂ ನಮಸ್ಕಾರ. ಒಂದು ವಿಶೇಷಾಂಕಕ್ಕೆ ಬ್ಯೂನಸ್ ಐರಿಸ್‌ನ ಟ್ಯಾಂಗೋ ಬಗ್ಗೆ ಬರಹವೊಂದನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಪುಟ ಕಟ್ಟುತ್ತಾರೆ. ‘ಅಬ್ರಾಸೊ’ ಅನ್ನೋ ಪದದ ಹತ್ತಿರ ಗಾಡಿ ನಿಂತಿದೆ.

ನಿಘಂಟಿನ ಪ್ರಕಾರ ಅಪ್ಪುಗೆ, ಅಷ್ಟೇ. ಆದರೆ ಟ್ಯಾಂಗೋದವರಿಗೆ ಕುಣಿತದ ಹಿಡಿತವೇ ಅದು. ನಡೆಸುವವರ ಬಲಗೈ ಜೊತೆಗಾರರ ಬೆನ್ನ ಮೇಲೆ, ಜೊತೆಗಾರರ ಎಡಗೈ ಇವರ ಹೆಗಲ ಮೇಲೆ. ಉಳಿದೆರಡು ಕೈ ಒಂದನ್ನೊಂದು ಹಿಡಿದಿರುತ್ತವೆ. ಎದೆಗೆ ಎದೆ ತಾಗಿದ್ದರೆ ‘ಅಬ್ರಾಸೊ ಸೆರ್ರಾದೊ’. ನಡುವೆ ಜಾಗ ಬಿಟ್ಟಿದ್ದರೆ ‘ಅಬ್ರಾಸೊ ಅಬಿಯೆರ್ತೊ’. ಒಂದೇ ಹಾಡಿನಲ್ಲಿ ಅದು ಬಿಗಿಯಾಗುವುದೂ ಸಡಿಲವಾಗುವುದೂ ಉಂಟು. ಬರಹದಲ್ಲಿ ಪ್ಯಾರಾಗೊಮ್ಮೆ ಈ ಪದ ಬರುತ್ತದೆ. ಹಾಗಾಗಿ ಉದ್ದದ ವಿವರಣೆ ಬೇಡ, ಒಂದೇ ಪದ ಬೇಕು.

ಇನ್ನೊಂದು ತಲೆನೋವು. ತಲೆಬರಹದಲ್ಲಿ ‘ಪ್ಯಾಶನ್’ ಇದೆ. ಸಂಪಾದಕರು ಅದನ್ನು ‘ಕಾಮೋನ್ಮಾದ’ ಮಾಡಿದ್ದಾರೆ. ದಯವಿಟ್ಟು ಕಾಪಾಡಿ.

ತಿಳಿನುಡಿ:

ತೆಕ್ಕೆ. ಬಿಗಿ ತೆಕ್ಕೆ, ಸಡಿಲ ತೆಕ್ಕೆ. ಮುಗಿಯಿತು.

ಆಲಿಂಗನ ಮಾತ್ರ ಬೇಡ. ಓದಿದ ಕೂಡಲೇ ಆ ಕುರುಡು ಅರಸ ಕಬ್ಬಿಣದ ಬೊಂಬೆ ಹಿಸುಕಿ ಪುಡಿ ಮಾಡಿದ್ದು ನೆನಪಾಗುತ್ತದೆ. ಟ್ಯಾಂಗೋ ಕೂಟದ ಮಾತುಗಳಾದ ಮಿಲೊಂಗ, ತಾಂದಾ, ಕೊರ್ತಿನಾಗಳನ್ನೂ ಹಾಗೇ ಬಿಡುತ್ತೀರೇನೋ. ಕೊರ್ತಿನಾ ಅಂದರೆ ತೆರೆ. ತಾಂದಾ ಅಂದರೆ ಸರದಿ. ಮನೆಯಲ್ಲಿ ಇದ್ದದ್ದನ್ನು ಬಿಟ್ಟು ಎರವಲು ಯಾಕೆ?

ಹಳೇಮೈಸೂರು:

ತೆಕ್ಕೆ ಚೆನ್ನಾಗಿದೆ. ಆದರೆ ಪತ್ರಿಕೆ ಓದುವವರಿಗೆ ಅದರ ಜೊತೆ ಬರುವುದು ನಗರಸಭೆ. ‘ಯಾರ ತೆಕ್ಕೆಗೆ ಅಧ್ಯಕ್ಷ ಗಾದಿ’ ಅಂತ ವಾರಕ್ಕೊಮ್ಮೆ ಹಾಕುತ್ತಾರಲ್ವಾ. ಇಲ್ಲದಿದ್ದರೆ ಹೆಬ್ಬಾವು, ಇಲ್ಲದಿದ್ದರೆ ಗರಡಿಮನೆ.

ಅಪ್ಪುಗೆಯ ಕಷ್ಟವೇ ಬೇರೆ. ‘ಟ್ಯಾಂಗೋ ಅಪ್ಪುಗೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿ ನೋಡಿ. ಪುನೀತ್ ರಾಜ್‌ಕುಮಾರ್ ಅವರಿಗೆ ಯಾರೋ ನೃತ್ಯನಮನ ಸಲ್ಲಿಸುತ್ತಿದ್ದಾರೆ ಅಂತ ಅರ್ಧ ಕರ್ನಾಟಕ ಅಂದುಕೊಳ್ಳುತ್ತದೆ.

ತಬ್ಬುಗೆ ಅನ್ನಬಹುದು. ಆದರೆ ಅದು ತಾಯಿ ಮಗುವಿಗೆ ಜಾಸ್ತಿ ಒಪ್ಪುವಂಥದ್ದು.

ಬೇರುಹುಡುಕ:

ನೀವೆಲ್ಲ ಕೊಂಬೆ ಹಿಡಿದು ಜಗ್ಗುತ್ತಿದ್ದೀರಿ. ಬೇರು ನೋಡಿ. ಲ್ಯಾಟಿನ್‌ನಲ್ಲಿ ‘ತಾಂಗೊ’ ಅಂದರೆ ‘ಮುಟ್ಟುತ್ತೇನೆ’. ಕನ್ನಡದಲ್ಲಿ ‘ತಾಗು’. ತಮಿಳಿನಲ್ಲಿ ‘ತಾಂಗು’ ಅಂದರೆ ಹೊತ್ತು ಹಿಡಿ, ಆಧಾರ ಕೊಡು. ತಾಗುವುದು, ಹಿಡಿಯುವುದು, ಆಧಾರ ಕೊಡುವುದು. ಅಬ್ರಾಸೊ ಅಂದರೆ ಇನ್ನೇನು ಸ್ವಾಮಿ? ಕಿಟ್ಟೆಲ್ ತೆಗೆದು ‘ತಾಗು’ ನೋಡಿ. ಆಮೇಲೆ ಮಾತಾಡೋಣ.

ಹಾಗಾಗಿ ಅಬ್ರಾಸೊಗೆ ‘ತಾಗುಹಿಡಿ’ ಅನ್ನಬಹುದು. ಕುಣಿತದ ಹೆಸರನ್ನೇ ‘ತಾಂಗು’ ಅಂತ ಬರೆದರೂ ತಪ್ಪಿಲ್ಲ.

ಎಡಗಾಲು:

ತಪ್ಪಿದೆ. ಲ್ಯಾಟಿನ್‌ನ ಆ ಕ್ರಿಯಾಪದ ಸ್ಪ್ಯಾನಿಷ್‌ಗೆ ಬರುವಷ್ಟರಲ್ಲಿ ‘ತಾನ್ಯೆರ್’ ಆಗಿತ್ತು. ಅರ್ಥವೂ ವಾದ್ಯ ನುಡಿಸು, ಗಂಟೆ ಬಾರಿಸು ಅಂತಾಯಿತು. ಟ್ಯಾಂಗೋ ಅನ್ನುವ ಹೆಸರು ಬ್ಯೂನಸ್ ಐರಿಸ್ ಇರುವ ಲಾ ಪ್ಲಾತಾ ನದಿಯ ಕಡೆ ಮೊದಲು ಅಂಟಿಕೊಂಡದ್ದು ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೂಟಗಳಿಗೆ. ಅವರು ಸೇರಿ ಕುಣಿಯುವ ಜಾಗಕ್ಕೂ ಅದೇ ಹೆಸರಿತ್ತು. 19ನೇ ಶತಮಾನದ ಶುರುವಿನ ದಾಖಲೆಗಳಲ್ಲೇ ಇದು ಇದೆ. ಪದದ ಮೂಲದ ಬಗ್ಗೆ ಜಗಳ ಮುಗಿದಿಲ್ಲ, ನಿಜ. ಆದರೆ ಆ ಜಗಳದಲ್ಲಿ ನಮ್ಮ ತಾಗುವಿಗೆ ಕುರ್ಚಿ ಇಲ್ಲ.

ನಾನು ಕುಣಿಯುವವಳು, ಪದಪಂಡಿತೆ ಅಲ್ಲ. ಕೇಳಿದವರಿಗೆ ಉಪಯೋಗ ಆಗುವ ಮಾತು ಹೇಳುತ್ತೇನೆ. ತೆಕ್ಕೆ ಸರಿ. ಹೆಬ್ಬಾವಿನ ತಕರಾರು ನನಗೆ ಅಡ್ಡಿ ಅನ್ನಿಸುವುದಿಲ್ಲ. ಟ್ಯಾಂಗೋದಲ್ಲಿ ಹೆಜ್ಜೆ ಮೊದಲೇ ಗೊತ್ತು ಮಾಡಿರುವುದಿಲ್ಲ. ವೇದಿಕೆಯ ಪ್ರದರ್ಶನದ ಮಾತು ಬೇರೆ, ಸಾಮಾನ್ಯ ಕೂಟದಲ್ಲಿ ಎಲ್ಲವನ್ನೂ ಆ ಕ್ಷಣಕ್ಕೆ ಹುಟ್ಟಿಸಬೇಕು. ನಡೆಸುವವರು ಮುಂದೆ ಎಲ್ಲಿ ಕಾಲಿಡುತ್ತಾರೆ ಅಂತ ಜೊತೆಗಾರರಿಗೆ ತಿಳಿಯುವುದು ಎದೆಯಿಂದ, ಬೆನ್ನ ಮೇಲಿನ ಕೈಯಿಂದ. ಕಣ್ಣು ಮುಚ್ಚಿಕೊಂಡು ಕುಣಿಯುವವರು ಎಷ್ಟೋ ಜನ. ಅಂದರೆ ಅಬ್ರಾಸೊ ಪ್ರೀತಿ ತೋರಿಸುವ ಭಂಗಿ ಮಾತ್ರ ಅಲ್ಲ, ಸುದ್ದಿ ಹೋಗಿಬರುವ ದಾರಿ. ಅಪ್ಪುಗೆಗೆ ಈ ಕೆಲಸ ಆಗದು. ಗರಡಿಯಲ್ಲಿ ತೆಕ್ಕೆ ಬಿದ್ದವರಿಗೆ ಎದುರಾಳಿಯ ತೂಕ ಎತ್ತ ಹೋಗುತ್ತಿದೆ ಅಂತ ಮೈಗೇ ಗೊತ್ತಾಗುತ್ತಲ್ಲ, ಇಲ್ಲಿ ಬೇಕಾದದ್ದು ಅದೇ.

ಇನ್ನು ಪ್ಯಾಶನ್. ದಯವಿಟ್ಟು ಕಾಮೋನ್ಮಾದ ತೆಗೆಸಿ. ಹಲ್ಲಿನಲ್ಲಿ ಗುಲಾಬಿ ಕಚ್ಚಿ, ಕತ್ತು ಝಾಡಿಸುವ ಟ್ಯಾಂಗೋ ಸಿನಿಮಾದ್ದು, ಪ್ರವಾಸಿಗರ ಪ್ರದರ್ಶನದ್ದು. ಆ ಕುಣಿತ ಹುಟ್ಟಿದ ಊರು ಎಂಥದ್ದು ಅಂತ ನೋಡಿ. 1880ರಿಂದ 1914ರವರೆಗೆ ಇಟಲಿ, ಸ್ಪೇನ್‌ಗಳಿಂದ ಲಕ್ಷಗಟ್ಟಲೆ ಜನ ಬಂದಿಳಿದರು. ಗಂಡಸರೇ ಜಾಸ್ತಿ. ‘ಕೊನ್ವೆಂತೀಯೊ’ ಅನ್ನುವ ವಠಾರಗಳಲ್ಲಿ ಒಂದು ಕೋಣೆಗೆ ಒಂದು ಸಂಸಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಆಫ್ರಿಕಾ ಮೂಲದವರ ಕಂದೊಂಬೆ, ಕ್ಯೂಬಾದ ಹಬನೇರಾ, ಬಯಲುಸೀಮೆಯ ಗಿಟಾರಿನವರ ಮಿಲೊಂಗ, ಯುರೋಪಿನ ಪೋಲ್ಕಾ, ಈ ಹಾಡು ಕುಣಿತಗಳೆಲ್ಲ ಅಲ್ಲಿ ಒಂದಕ್ಕೊಂದು ಬೆರೆತವು. 1917ರಲ್ಲಿ ಗಾಯಕ ಕಾರ್ಲೋಸ್ ಗಾರ್ದೆಲ್ ರೆಕಾರ್ಡ್ ಮಾಡಿದ ‘ಮಿ ನೋಚೆ ತ್ರಿಸ್ತೆ’ಯಿಂದ ಹಾಡುವ ಟ್ಯಾಂಗೋ ಶುರುವಾಯಿತು ಅಂತ ಲೆಕ್ಕ. ಅದರಲ್ಲಿರುವುದು ಗೆಳತಿ ಬಿಟ್ಟುಹೋದ ಗಂಡಸಿನ ಗೋಳು. ಆಮೇಲಿನ ಹಾಡುಗಳಲ್ಲೂ ಬಿಟ್ಟುಹೋದವಳು, ಬಿಟ್ಟುಬಂದ ಕೇರಿ, ಕಳೆದುಹೋದ ಪ್ರಾಯ, ಇವೇ. ಇದು ವಿರಹದ ಕಡೆಯ ಮಾತು. ನನ್ನ ಓಟು ‘ಹಂಬಲ’ಕ್ಕೆ.

ಇನ್ನೊಂದು ಎಚ್ಚರಿಕೆ. ನಿಮ್ಮ ಬರಹದಲ್ಲಿ ‘ಗ್ರಾಸಿಯಾಸ್’ ಬಂದರೆ ಕಣ್ಣುಮುಚ್ಚಿ ಧನ್ಯವಾದ ಹಾಕಬೇಡಿ. ಕೂಟದಲ್ಲಿ ಮೂರೋ ನಾಲ್ಕೋ ಹಾಡು ಸೇರಿ ಒಂದು ತಾಂದಾ. ಅದು ಮುಗಿಯುವವರೆಗೆ ಒಬ್ಬರ ಜೊತೆಯೇ ಕುಣಿಯುವುದು ವಾಡಿಕೆ. ನಡುವೆ ಯಾರಾದರೂ ‘ಗ್ರಾಸಿಯಾಸ್’ ಅಂದರೆ ‘ಸಾಕಪ್ಪಾ, ನಿನ್ನ ಜೊತೆ ಇನ್ನು ಆಗಲ್ಲ’ ಅಂತ. ಕರೆಯುವುದಕ್ಕೂ ಬಾಯಿ ಬೇಡ. ಕೋಣೆಯ ಆಚೆ ಬದಿಯಿಂದ ಕಣ್ಣು ಕೂಡಿಸಿ ಒಂದಿಷ್ಟೇ ತಲೆ ಆಡಿಸುತ್ತಾರೆ, ಅದು ‘ಕಬೆಸೆಯೊ’. ಬೇಡದವರು ನೋಟ ಬೇರೆ ಕಡೆ ತಿರುಗಿಸಿದರೆ ಆಯಿತು, ಯಾರಿಗೂ ಅವಮಾನ ಇಲ್ಲ. ಇದಕ್ಕೆ ‘ಕಣ್ಸನ್ನೆ’ ಅನ್ನಿ, ಒಳ್ಳೆಯ ಪದ. ಟ್ಯಾಂಗೋದ ಸೆಳೆತ ಅಂತ ಬರೆಯುವವರು ಶುರು ಮಾಡಬೇಕಾದದ್ದು ಇಲ್ಲಿಂದ.

ಬೇರುಹುಡುಕ:

‘ಜಗಳ ಮುಗಿದಿಲ್ಲ’ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಕುರ್ಚಿ ಇಲ್ಲ ಅನ್ನುವುದಕ್ಕೆ ನೀವು ಯಾರು?

ಪೇಟಿಮಾಸ್ತರ:

ಅಲ್ರೀ ತಿಳಿನುಡಿ ಅವರೇ, ಎರವಲು ಯಾಕೆ ಅಂತ ಕೇಳ್ತೀರಲ್ಲ, ಯಾವ ಮೇಜಿನ ಮೇಲೆ ಕೈ ಊರಿ ಬರೆದ್ರಿ? ಮೇಜು ಪೋರ್ಚುಗೀಸರದ್ದು. ಸ್ಪ್ಯಾನಿಷ್‌ನಲ್ಲೂ ಅದೇ ‘ಮೆಸಾ’. ನೀವು ಬೀಗಕ್ಕೆ ಹಾಕುವ ಚಾವಿ ಅವರದ್ದು. ಅಂಗಿಗೆ ಹೊಡೆಸುವ ಇಸ್ತ್ರಿ ಅವರದ್ದು. ನಮ್ಮ ಕಡೆ ತಿಂಗಳ ಕೊನೆಗೆ ಕಾಯುವ ಪಗಾರ ಅವರದ್ದು. ಬಟಾಟೆ, ಪಾದ್ರಿ ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ. ಇಷ್ಟೆಲ್ಲ ಜೀರ್ಣ ಮಾಡಿಕೊಂಡ ಕನ್ನಡಕ್ಕೆ ಒಂದು ತಾಂದಾ ಭಾರ ಆಗ್ತದೇನು?

ನಾನು ಕಂಪನಿ ನಾಟಕಕ್ಕೆ ಪೇಟಿ ನುಡಿಸುವ ಮನೆತನದವನು. ಟ್ಯಾಂಗೋದ ಜೀವ ಬಂದೋನಿಯೋನ್ ಅನ್ನುವ ವಾದ್ಯ. ಅದು ಅರ್ಜೆಂಟೀನಾದ್ದಲ್ಲ, ಜರ್ಮನಿಯದು. ಕ್ರೇಫೆಲ್ಡ್ ಊರಿನ ಹೈನ್ರಿಖ್ ಬಾಂಡ್ ಅನ್ನುವವರಿಂದ ಅದಕ್ಕೆ ಆ ಹೆಸರು. ಒಳಗೆ ಗಾಳಿಗೆ ಅದುರುವ ಲೋಹದ ನಾಲಿಗೆಗಳು, ನಮ್ಮ ಪೇಟಿಯಂತೆಯೇ. ಆದರೆ ಟ್ಯಾಂಗೋದವರ ಮಾದರಿಗೆ 71 ಗುಂಡಿ. ಒಂದೇ ಗುಂಡಿ ಒತ್ತಿಕೊಂಡು ತಿದಿ ಎಳೆದರೆ ಒಂದು ಸ್ವರ, ಒತ್ತಿದರೆ ಇನ್ನೊಂದು. ಎಳೆಯುವ ಲೆಕ್ಕ ಬೇರೆ, ಒತ್ತುವ ಲೆಕ್ಕ ಬೇರೆ. ಕಲಿಯುವವನ ತಲೆ ಕೆಡ್ತದೆ. ಟ್ರೊಯ್ಲೊ, ಪಿಯಾಸೊಲ್ಲಾ ಅಂಥವರು ಈ ಪೆಟ್ಟಿಗೆಯಿಂದ ಊರನ್ನೇ ಅಳಿಸಿದರು. ಪರದೇಶದ ಪೇಟಿ ಯುರೋಪಿನಿಂದ ಬಂದು ನಮ್ಮ ರಂಗಗೀತೆಗೆ ಹೇಗೆ ತನ್ನದಾಯಿತೋ, ಅಲ್ಲಿ ಇದೂ ಹಾಗೇ. ಎರವಲು ತಂದದ್ದು ಮನೆಯದಾಗುವುದು ನುಡಿಸಿದ ಮೇಲೆ, ಹೆಸರು ಬದಲಿಸಿದ ಮೇಲೆ ಅಲ್ಲ.

ಅಷ್ಟೇ ಯಾಕೆ, ಬ್ಯೂನಸ್ ಐರಿಸ್‌ನ ಬೀದಿಮಾತು ಲುನ್‌ಫಾರ್ದೊ. ಟ್ಯಾಂಗೋ ಹಾಡುಗಳ ತುಂಬ ಅದೇ. ಇಟಾಲಿಯನ್ನರ ‘ಲವೋರೊ’ ಅಲ್ಲಿ ‘ಲಬೂರೊ’ ಆಗಿ, ಈಗ ಕೆಲಸಕ್ಕೆ ಎಲ್ಲರೂ ಅದನ್ನೇ ಅಂತಾರೆ. ಪದದ ಹಿಂದುಮುಂದು ಮಾಡುವ ಚಟವೂ ಉಂಟು, ಟ್ಯಾಂಗೋ ಅನ್ನುವುದನ್ನೇ ‘ಗೊತಾನ್’ ಅಂದುಬಿಟ್ಟರು. ಮಡಿವಂತಿಕೆ ಹಿಡಿದು ಕೂತಿದ್ದರೆ ಈ ಸಂಗೀತವೇ ಹುಟ್ಟುತ್ತಿರಲಿಲ್ಲ.

ತಿಳಿನುಡಿ:

ಮೇಜು ಗೋವೆಯ ಕಡೆಯಿಂದ ಜನರ ಬಾಯಲ್ಲಿ ಬಂತು. ನಿಮ್ಮ ತಾಂದಾ ಕಂಪ್ಯೂಟರಿನಿಂದ ನೇರ ಅಚ್ಚಿಗೆ ಹೋಗುತ್ತದೆ. ಎರಡೂ ಒಂದೇ ಅಲ್ಲ. ಪೇಟಿ ಅನ್ನುವ ಹೆಸರು ನೀವು ಇಟ್ಟಿದ್ದೇ ತಾನೇ? ಹಾರ್ಮೋನಿಯಂ ಮಾಸ್ತರ ಅಂತ ಯಾಕೆ ಹಾಕಿಕೊಂಡಿಲ್ಲ?

ಬಂದೋನಿಯೋನ್‌ಗೆ ‘ಕೈತಿದಿ’ ಅನ್ನಿ. ನಾನು ಇನ್ನು ಈ ಎಳೆಗೆ ಬರೆಯುವುದಿಲ್ಲ.

ಹಳೇಮೈಸೂರು:

ಕೈತಿದಿ ಅಂದರೆ ಕುಲುಮೆ ಊದುತ್ತಿದ್ದಾರೆ ಅನ್ನಿಸುತ್ತೆ ಸಾರ್. ಸುಮ್ನೆ ಬಿಡಿ.

ಕರಡುಪ್ರತಿಯವರಿಗೆ ಒಂದು ಮಾತು. ಬರಹದ ಉದ್ದಕ್ಕೂ ಬ್ಯೂನಸ್ ಐರಿಸ್ ಅಂತಲೇ ಇದ್ದರೆ ಉರುಗ್ವೆಯವರನ್ನು ಮರೆಯಬೇಡಿ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಟ್ಯಾಂಗೋವನ್ನು ಎರಡೂ ದೇಶ ಸೇರಿ ಹಾಕಿಸಿದ್ದು. ಕೂಟಗಳ ಕೊನೆಗೆ ನುಡಿಸುವ ‘ಲಾ ಕುಂಪರ್ಸೀತಾ’ ಬರೆದವರು ಮಾಂಟೆವಿಡಿಯೊದ ಹೆರಾರ್ದೊ ಮಾತೋಸ್ ರೊದ್ರೀಗೆಸ್.

ಮತ್ತೆ ಮಿಲೊಂಗ. ಅದು ಹಾಡಿನ ಬಗೆಯೂ ಹೌದು, ಕೂಟವೂ ಹೌದು. ‘ಮಿಲೊಂಗಕ್ಕೆ ಹೋಗಿ ಮಿಲೊಂಗ ಕುಣಿದರು’ ಅಂತ ಬಂದರೆ ಓದುವವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಕೂಟ ಅನ್ನುವ ಕಡೆ ‘ಟ್ಯಾಂಗೋ ಕೂಟ’ ಹಾಕಿ, ಹಾಡಿಗೆ ಮಿಲೊಂಗ ಇರಲಿ. ಅಂಗೋಲಾದ ಕಿಂಬುಂದು ಭಾಷೆಯಲ್ಲಿ ಆ ಪದಕ್ಕೆ ಮಾತುಗಳು, ವಾದ ಅಂತೆಲ್ಲ ಅರ್ಥ ಹೇಳುತ್ತಾರೆ. ನಮ್ಮ ಈ ಎಳೆಗೇ ಆ ಹೆಸರು ಇಡಬಹುದಿತ್ತು.

ಎಡಗಾಲು:

ಕೂಟಕ್ಕೆ ನನ್ನದೂ ಒಪ್ಪಿಗೆ. ತಾಂದಾ ಮಾತ್ರ ಹಾಗೇ ಇಡಿ, ದೀರ್ಘ ಹಾಕಿ. ‘ತಂದ’ ಅಂತ ಅಚ್ಚಾದರೆ ಯಾರು, ಏನು ತಂದ ಅಂತ ಕೇಳುತ್ತಾರೆ. ಕೊರ್ತಿನಾಗೆ ತೆರೆ ಅಂದರೂ ಅನುವಾದ ಮುಗಿಯಲ್ಲ. ಎರಡು ತಾಂದಾ ನಡುವೆ ಹಾಕುವ, ಟ್ಯಾಂಗೋ ಅಲ್ಲದ ಸಂಗೀತದ ತುಣುಕು ಅದು. ಜೋಡಿಗಳು ಬಿಡಿಸಿಕೊಂಡು ತಮ್ಮ ತಮ್ಮ ಜಾಗಕ್ಕೆ ಹೋಗಲಿ ಅಂತ. ಒಂದು ಸಲ ವಿವರಿಸಿ, ಆಮೇಲೆ ಕೊರ್ತಿನಾ ಅಂತಲೇ ಬರೆಯಿರಿ.

ತಿಳಿನುಡಿ:

ಇದಕ್ಕೆ ‘ನಡುತೆರೆ’ ಸಾಕು.

ಕರಡುಪ್ರತಿ:

ಎಲ್ಲರಿಗೂ ನಮಸ್ಕಾರ, ಪುಟ ಹೋಯಿತು. ಅಬ್ರಾಸೊ ಎಲ್ಲ ಕಡೆ ತೆಕ್ಕೆ ಆಗಿದೆ, ಬಿಗಿ ಮತ್ತು ಸಡಿಲ ಸಮೇತ. ಕಣ್ಸನ್ನೆ ಬಂದಿದೆ. ಕೂಟ, ತಾಂದಾ, ಬಂದೋನಿಯೋನ್ ಉಳಿದಿವೆ. ನಡುತೆರೆ ನನಗೆ ಹಿಡಿಸಿತು, ಹಾಕಿದ್ದೇನೆ. ತಲೆಬರಹ ‘ಟ್ಯಾಂಗೋ ಎಂಬ ಹಂಬಲ’. ಸಂಪಾದಕರಿಗೆ ಇದು ಸಪ್ಪೆ ಅನ್ನಿಸಿದೆ, ಆದರೆ ಬದಲಿಸಿಲ್ಲ.

ಕೊನೇ ಗಳಿಗೆಯಲ್ಲಿ ‘ಗಾಂಚೊ’ ಎದುರಾಯಿತು. ಜೊತೆಗಾರರ ಕಾಲಿನ ಸಂದಿಗೆ ತಮ್ಮ ಕಾಲು ಮಡಚಿ ಹಾಕುವುದು. ಸ್ಪ್ಯಾನಿಷ್‌ನಲ್ಲಿ ಅದು ಕೊಕ್ಕೆ, ನಾನೂ ಕೊಕ್ಕೆ ಅಂತಲೇ ಹಾಕಿದೆ. ಬೇರುಹುಡುಕ ಅವರೇ, ‘ಗಾಂಚಾಲಿ’ ಇದರಿಂದಲೇ ಬಂತು ಅಂತ ದಯವಿಟ್ಟು ಬರೆಯಬೇಡಿ.

ಬೇರುಹುಡುಕ:

ಬರೆಯುವುದಿತ್ತು.